ಫ್ಯಾಟ್ ಅಳೆಯದ ಹೊತ್ತಿನ ಹಾಲಿಗೆ 0.0: ಪಿಎಚ್‌ಪಿಯಲ್ಲಿ ನಲ್ ಅನ್ನು ಎಲ್ಲಿ ನಿಭಾಯಿಸಬೇಕು?

ಹಾಲುಲೆಕ್ಕ ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಏಳು ವರ್ಷಗಳ ಹಿಂದೆ ಪಿಎಚ್‌ಪಿ ಭಾಷೆ ಮತ್ತು ಮೈಎಸ್‌ಕ್ಯುಎಲ್ ಡೇಟಾಬೇಸ್ ಬಳಸಿ ನಾನೇ ಬರೆದುಕೊಟ್ಟ ಸಣ್ಣ ತಂತ್ರಾಂಶವೊಂದಿದೆ. ಬೆಳಿಗ್ಗೆ ಮತ್ತು ಸಂಜೆ ಸದಸ್ಯರು ಹಾಕಿದ ಹಾಲಿನ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಅದರಲ್ಲಿ ದಾಖಲಾಗುತ್ತವೆ. ಹತ್ತು ದಿನಕ್ಕೊಮ್ಮೆ ಬಟವಾಡೆ ಮಾಡುವಾಗ ಸರಾಸರಿ ಫ್ಯಾಟ್ ನೋಡಿ ದರ ಲೆಕ್ಕವಾಗುತ್ತದೆ. ಕರೆಂಟ್ ಹೋದಾಗ ಅಥವಾ ಯಂತ್ರ ಕೆಟ್ಟಾಗ ಲೀಟರ್ ಮಾತ್ರ ಬರೆದುಕೊಳ್ಳುತ್ತಾರೆ, ಫ್ಯಾಟ್ ಖಾಲಿ ಉಳಿಯುತ್ತದೆ. ಅಂಥ ಹೊತ್ತುಗಳಿಗೆ ಅದೇ ಬಟವಾಡೆಯ ಉಳಿದ ಹೊತ್ತುಗಳ ಸರಾಸರಿಯನ್ನು ಹಿಡಿಯುವುದು ನಮ್ಮ ಸಂಘದ ವಾಡಿಕೆ.

ಹಳೆಯ ಹೋಸ್ಟಿಂಗ್‌ನಲ್ಲಿ ಪಿಎಚ್‌ಪಿ 7.2 ಮತ್ತು ಮೈಎಸ್‌ಕ್ಯುಎಲ್ 5.6 ಇದ್ದವು. ಕಳೆದ ತಿಂಗಳು ಪಿಎಚ್‌ಪಿ 8.2 ಮತ್ತು ಮೈಎಸ್‌ಕ್ಯುಎಲ್ 8.0 ಇರುವ ಸರ್ವರಿಗೆ ಬದಲಾಯಿಸಿದೆವು. ಅಂದಿನಿಂದ ಫ್ಯಾಟ್ ಖಾಲಿ ಬಿಟ್ಟು ಫಾರಂ ಸಲ್ಲಿಸಿದರೆ ದಶಮಾಂಶ ಮೌಲ್ಯ ಸರಿಯಿಲ್ಲ ಎಂಬ ದೋಷ ಬರುತ್ತಿದೆ. ಸಾಲಿನಲ್ಲಿ ಕ್ಯಾನ್ ಹಿಡಿದು ಕಾಯುವವರನ್ನು ನಿಲ್ಲಿಸಲಾಗದೆ ಹಾಲು ಪರೀಕ್ಷಕರು 0 ಒತ್ತಿ ಮುಂದೆ ಹೋಗುತ್ತಿದ್ದಾರೆ. ಯಂತ್ರದಿಂದ ನೇರವಾಗಿ ಬರುವ ಕಡತವನ್ನು ಓದುವ ಇನ್ನೊಂದು ಸ್ಕ್ರಿಪ್ಟ್ ಇದೆ. ಅಳತೆ ಇಲ್ಲದಿದ್ದರೆ ಅದು ಆ ಕಾಲಂ ಅನ್ನೇ ಬಿಟ್ಟುಬಿಡುವುದರಿಂದ ಅಲ್ಲಿ ನಲ್ (ಮೌಲ್ಯವೇ ಇಲ್ಲ ಎಂಬ ಗುರುತು) ಉಳಿಯುತ್ತದೆ. ವರದಿಯ ಪುಟದಲ್ಲಿ ಅಂಥ ಸಾಲುಗಳಿಗೆಲ್ಲ, ಸಂಖ್ಯೆಯನ್ನು ಮುದ್ರಣಕ್ಕೆ ಹೊಂದಿಸುವ ನಂಬರ್_ಫಾರ್ಮ್ಯಾಟ್‌ಗೆ ನಲ್ ಕೊಡುವುದನ್ನು ಇನ್ನು ಮುಂದೆ ಬಿಡಬೇಕೆಂಬ ಎಚ್ಚರಿಕೆ ಕಾಣಿಸಿ, ಕೆಳಗೆ 0.0 ಎಂದು ಮುದ್ರಣವಾಗುತ್ತದೆ. ಪಶು ಆಹಾರದ ಕಡಿತದ ಪುಟದಲ್ಲಂತೂ ಕಡಿತ ಸೊನ್ನೆ ಇರುವವರ ಮುಂದೆಯೂ ‘ದಾಖಲಾಗಿಲ್ಲ’ ಎಂದು ಬರುತ್ತಿದೆ. ಇದು ಹಿಂದೆ ಹೀಗಿರಲಿಲ್ಲ, ಆ ಪುಟದ ಒಂದು ಅಕ್ಷರವನ್ನೂ ನಾನು ಮುಟ್ಟಿಲ್ಲ.

ಇವೆಲ್ಲ ಸಹಿಸಬಹುದಾದ ತೊಂದರೆಗಳು ಎಂದುಕೊಂಡಿದ್ದೆ. ಆದರೆ ಸದಸ್ಯ ಸಂಖ್ಯೆ 47 ಮೊನ್ನೆ ಚೀಟಿ ಹಿಡಿದು ಬಂದರು. ಇಪ್ಪತ್ತು ಹೊತ್ತು, ಪ್ರತಿ ಹೊತ್ತು 5 ಲೀಟರ್. 16 ಹೊತ್ತು ಅಳೆದ ಫ್ಯಾಟ್‌ನ ಸರಾಸರಿ 4.2, ನಾಲ್ಕು ಹೊತ್ತು ಅಳೆದಿಲ್ಲ. ಚೀಟಿಯಲ್ಲಿದ್ದ ಸರಾಸರಿ 3.36! ನಮ್ಮ ದರಪಟ್ಟಿಯಲ್ಲಿ 3.5ಕ್ಕಿಂತ ಕೆಳಗೆ ಬಂದರೆ ದರ ಇಳಿಯುತ್ತದೆ. ಆಕೆಯ ಮುಖ ನೋಡಿ ನನಗೆ ನಾಚಿಕೆಯಾಯಿತು.

ನನ್ನ ಪ್ರಶ್ನೆ ಇಷ್ಟೆ. ನಲ್ ಅನ್ನು ಟೇಬಲ್‌ನಲ್ಲೇ ಬರದಂತೆ ತಡೆಯಬೇಕೇ, ಕ್ವೆರಿಯಲ್ಲಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಯಲ್ಲಿ) ಬದಲಾಯಿಸಬೇಕೇ, ಅಥವಾ ಪಿಎಚ್‌ಪಿಯಲ್ಲಿ ಪ್ರತಿ ಸಾಲನ್ನೂ ಪರೀಕ್ಷಿಸಬೇಕೇ? (ಓದಲು ಅನುಕೂಲವಾಗಲೆಂದು ಹೆಸರುಗಳನ್ನು ಕನ್ನಡದಲ್ಲೇ ಬರೆದಿದ್ದೇನೆ.)

ತುಂಬೆಹೂ ಉತ್ತರಿಸಿದ್ದಾರೆ:

ಸರ್, ಇದಕ್ಕೆ ಇಷ್ಟು ತಲೆಕೆಡಿಸಿಕೊಳ್ಳುವ ಅಗತ್ಯವಿಲ್ಲ. ಪಿಎಚ್‌ಪಿ 7.0ರಿಂದ ಎರಡು ಪ್ರಶ್ನಾರ್ಥಕ ಚಿಹ್ನೆಗಳ ಆಪರೇಟರ್ ಇದೆ. ಮೌಲ್ಯ ನಲ್ ಆಗಿದ್ದರೆ ಬಲಬದಿಯದನ್ನು ಕೊಡುತ್ತದೆ:

$ಫ್ಯಾಟ್ = $ಸಾಲು['ಫ್ಯಾಟ್'] ?? 0;

ಡೇಟಾಬೇಸ್‌ನಿಂದ ಓದುವ ಕಡೆಯೆಲ್ಲ ಹೀಗೆ ಬರೆದರೆ ಎಚ್ಚರಿಕೆಗಳು ಮಾಯವಾಗುತ್ತವೆ. ಕ್ವೆರಿಯಲ್ಲೇ ಬೇಕೆಂದರೆ ಇಫ್‌ನಲ್ ಬಳಸಿ. ಫಾರಂ ಖಾಲಿ ಬಂದರೆ ಅಲ್ಲಿಯೂ 0 ಸೇರಿಸಿ. ನಾನು ಎಲ್ಲ ಕೆಲಸಗಳಲ್ಲೂ ಹೀಗೆಯೇ ಮಾಡುತ್ತೇನೆ.

ಕೀಲಿಮಣೆ ಉತ್ತರಿಸಿದ್ದಾರೆ:

ತುಂಬೆಹೂ ಅವರ ಸಲಹೆ ಎಚ್ಚರಿಕೆಯನ್ನು ಅಡಗಿಸುತ್ತದೆ, ಸದಸ್ಯ ಸಂಖ್ಯೆ 47ರ ಲೆಕ್ಕವನ್ನು ಸರಿಪಡಿಸುವುದಿಲ್ಲ. ಹಾಲುಲೆಕ್ಕ ಅವರೇ, ನಿಮ್ಮ ಟೇಬಲ್‌ನಲ್ಲಿ ಈಗ ಒಂದೇ ಸಂಗತಿಗೆ ಎರಡು ಬರಹಗಳಿವೆ: ಅಳೆದಿಲ್ಲ ಎಂಬುದನ್ನು ಯಂತ್ರದ ಸ್ಕ್ರಿಪ್ಟ್ ನಲ್ ಎಂದು ಬರೆಯುತ್ತಿದೆ, ಫಾರಂ ಸೊನ್ನೆ ಎಂದು ಬರೆಯುತ್ತಿದೆ. ಮೊದಲು ಈ ಎರಡನ್ನು ಒಂದು ಮಾಡದೆ ಮುಂದೆ ಏನು ಮಾಡಿದರೂ ಅದು ತೇಪೆಯಾಗುತ್ತದೆ.

ಫಾರಂನಿಂದ ಪ್ರಾರಂಭಿಸೋಣ. ಬ್ರೌಸರ್ ಎಂದಿಗೂ ನಲ್ ಕಳುಹಿಸುವುದಿಲ್ಲ. ಖಾಲಿ ಬಿಟ್ಟ ಪೆಟ್ಟಿಗೆ ಖಾಲಿ ಸ್ಟ್ರಿಂಗ್ (ಒಂದು ಅಕ್ಷರವೂ ಇಲ್ಲದ ಪಠ್ಯ) ಆಗಿ ಬರುತ್ತದೆ, ಟಿಕ್ ಮಾಡದ ಚೆಕ್‌ಬಾಕ್ಸ್ ಬರುವುದೇ ಇಲ್ಲ. ನಿಮ್ಮ ಹಳೆಯ ಸರ್ವರಿನಲ್ಲಿ ಸ್ಟ್ರಿಕ್ಟ್ ಮೋಡ್ (ಸರಿಯಿಲ್ಲದ ಮೌಲ್ಯವನ್ನು ದೋಷ ಕೊಟ್ಟು ತಿರಸ್ಕರಿಸುವ ಕ್ರಮ) ಇರಲಿಲ್ಲವೆಂದು ತೋರುತ್ತದೆ. ಹಾಗಿದ್ದಾಗ ಮೈಎಸ್‌ಕ್ಯುಎಲ್ ಸಂಖ್ಯೆಯ ಕಾಲಂಗೆ ಬಂದ ಖಾಲಿ ಸ್ಟ್ರಿಂಗನ್ನು ಸದ್ದಿಲ್ಲದೆ 0 ಮಾಡಿ ಇಟ್ಟುಕೊಳ್ಳುತ್ತದೆ, ದಿನಾಂಕದ ಕಾಲಂ ಆದರೆ ಎಲ್ಲ ಸೊನ್ನೆಗಳ ದಿನಾಂಕವನ್ನು ಇಡುತ್ತದೆ. 5.7ರಿಂದ ಸ್ಟ್ರಿಕ್ಟ್ ಮೋಡ್ ಮೊದಲಿನಿಂದಲೇ ಆನ್ ಆಗಿರುತ್ತದೆ, ಆದ್ದರಿಂದ ಈಗ ದೋಷ ಬರುತ್ತಿದೆ. ಈ ದೋಷ ನಿಮಗೆ ಆದ ಉಪಕಾರ ಎಂದೇ ನನ್ನ ಅಭಿಪ್ರಾಯ. ಕೆಲವರು ಸ್ಟ್ರಿಕ್ಟ್ ಮೋಡ್ ಆಫ್ ಮಾಡಿಬಿಡಿ ಎಂದು ಹೇಳುತ್ತಾರೆ, ದಯವಿಟ್ಟು ಕೇಳಬೇಡಿ. ಬಾಗಿಲಲ್ಲೇ ಹೀಗೆ ಬದಲಾಯಿಸಿಕೊಳ್ಳಿ:

$ಫ್ಯಾಟ್ = ಟ್ರಿಮ್($ಬಂದದ್ದು['ಫ್ಯಾಟ್']);
$ಫ್ಯಾಟ್ = ($ಫ್ಯಾಟ್ === '') ? ನಲ್ : $ಫ್ಯಾಟ್;

ಅನಂತರ ಪಿಡಿಒದ (ಪಿಎಚ್‌ಪಿಯಿಂದ ಡೇಟಾಬೇಸ್ ಜೊತೆ ಮಾತಾಡುವ ಸಾಧನ) ಪ್ರಿಪೇರ್ಡ್ ಸ್ಟೇಟ್‌ಮೆಂಟಿಗೆ, ಅಂದರೆ ಮೌಲ್ಯಗಳನ್ನು ಬೇರೆಯಾಗಿ ಪಡೆಯುವ ಕ್ವೆರಿಗೆ, ಈ ವೇರಿಯಬಲ್ಲನ್ನು ಹಾಗೆಯೇ ಕೊಟ್ಟರೆ ಸಾಕು, ನಲ್ ಆಗಿದ್ದರೆ ನಲ್ ಆಗಿಯೇ ಟೇಬಲ್ ಸೇರುತ್ತದೆ. ಕ್ವೆರಿಯ ಪಠ್ಯದಲ್ಲಿ ಉದ್ಧರಣ ಚಿಹ್ನೆಗಳ ನಡುವೆ ವೇರಿಯಬಲ್ ಅಂಟಿಸುವ ಹಳೆಯ ಅಭ್ಯಾಸವಿದ್ದರೆ ಅದು ಮತ್ತೆ ಖಾಲಿ ಸ್ಟ್ರಿಂಗ್ ಆಗಿಬಿಡುತ್ತದೆ (ಬಂದ ಪಠ್ಯವೇ ಕ್ವೆರಿಯ ಭಾಗವಾಗಿ ಓಡಿಬಿಡುವ ಇಂಜೆಕ್ಷನ್ ಅಪಾಯ ಬೇರೆ ಮಾತು). ಇನ್ನೂ ಕೆಟ್ಟದ್ದೆಂದರೆ ಉದ್ಧರಣದೊಳಗೆ ನಲ್ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನೇ ಬರೆಯುವುದು. ಕ್ಯಾಲಿಫೋರ್ನಿಯಾದಲ್ಲಿ ಒಬ್ಬರು ತಮಾಷೆಗೆಂದು ಆ ನಾಲ್ಕು ಅಕ್ಷರಗಳನ್ನೇ ಕಾರಿನ ನಂಬರ್ ಪ್ಲೇಟ್ ಮಾಡಿಸಿಕೊಂಡು, ಪ್ಲೇಟ್ ಸಂಖ್ಯೆ ನಮೂದಾಗದ ಯಾರ್ಯಾರದೋ ದಂಡದ ಚೀಟಿಗಳೆಲ್ಲ ತಮ್ಮ ಮನೆಗೆ ಬಂದದ್ದನ್ನು 2019ರಲ್ಲಿ ಹೇಳಿಕೊಂಡಿದ್ದರು. ಒಟ್ಟು ಮೊತ್ತ 12 ಸಾವಿರ ಡಾಲರ್ ದಾಟಿತ್ತು.

ಈಗ ಕಡಿತದ ಪುಟ. ನೀವು ಅಲ್ಲಿ == ಬಳಸಿ ನಲ್ ಜೊತೆ ಹೋಲಿಸಿದ್ದೀರೆಂದು ಊಹಿಸುತ್ತೇನೆ. ಪಿಎಚ್‌ಪಿ 8.1ಕ್ಕಿಂತ ಮೊದಲು, ಪಿಡಿಒ ತನ್ನ ಪೂರ್ವನಿಯೋಜಿತ ಸ್ಥಿತಿಯಲ್ಲಿ ಮೈಎಸ್‌ಕ್ಯುಎಲ್‌ನ ಪೂರ್ಣಾಂಕಗಳನ್ನೂ ಸ್ಟ್ರಿಂಗ್ ಮಾಡಿಯೇ ಕೊಡುತ್ತಿತ್ತು; "0" ಎಂಬ ಸ್ಟ್ರಿಂಗ್ == ನಲ್ ಎಂದು ಕೇಳಿದರೆ ಉತ್ತರ ಇಲ್ಲ ಎಂದೇ. 8.1ರಿಂದ ಪೂರ್ಣಾಂಕ ಪೂರ್ಣಾಂಕವಾಗಿಯೇ ಬರುತ್ತದೆ; 0 == ನಲ್ ಎಂದರೆ ಉತ್ತರ ಹೌದು. ನಿಮ್ಮ ಕೋಡ್ ಬದಲಾಗಿಲ್ಲ, ಅದರ ಕೈಗೆ ಬರುವ ವಸ್ತು ಬದಲಾಗಿದೆ. ಮೌಲ್ಯದ ಬಗೆಯನ್ನೂ ಹೋಲಿಸುವ, ಮೂರು ಸಮ ಚಿಹ್ನೆಗಳ === ಬಳಸಿದರೆ ಈ ಗೊಂದಲ ತೀರುತ್ತದೆ. ಖಾಲಿಯೇ ಎಂದು ನೋಡುವ ಎಂಪ್ಟಿಯನ್ನು ಲೆಕ್ಕದ ಕೆಲಸಕ್ಕೆ ಬಳಸಲೇಬೇಡಿ: ಅದಕ್ಕೆ 0 ಖಾಲಿ, "0" ಖಾಲಿ, ನಲ್ ಖಾಲಿ, ಆದರೆ "0.0" ಖಾಲಿಯಲ್ಲ. ನಿಮ್ಮ ಫ್ಯಾಟ್ ಡೆಸಿಮಲ್ ಕಾಲಂ ಆಗಿದ್ದರೆ ಅದು ಇಂದಿಗೂ ಸ್ಟ್ರಿಂಗ್ ಆಗಿಯೇ ಬರುತ್ತದೆ ಎಂಬುದನ್ನೂ ನೆನಪಿಡಿ.

?? ಕುರಿತು ಒಂದು ಮಾತು. ಅದು ಒಳ್ಳೆಯ ಆಪರೇಟರ್, ಆದರೆ ಕಾಲಂ ಹೆಸರನ್ನು ತಪ್ಪಾಗಿ ಬರೆದರೂ ಬಾಯಿ ಮುಚ್ಚಿಸುತ್ತದೆ. 'ಫ್ಯಾಟ್' ಬದಲು 'ಫ್ಯಾಟು' ಎಂದು ಬರೆದರೆ ಊರಿನ ಎಲ್ಲರ ಫ್ಯಾಟ್ ಸೊನ್ನೆಯಾಗುತ್ತದೆ, ಒಂದು ಎಚ್ಚರಿಕೆಯೂ ಬರುವುದಿಲ್ಲ. ಮೌಲ್ಯ ಇದೆಯೇ ಎಂದು ನೋಡುವ ಇಸ್‌ಸೆಟ್ ಕೂಡ ಹಾಗೆಯೇ: ಕಾಲಂ ಇದ್ದು ನಲ್ ಆಗಿದ್ದರೂ, ಕಾಲಂ ಇಲ್ಲದಿದ್ದರೂ ಇಲ್ಲ ಎಂದೇ ಹೇಳುತ್ತದೆ. ಎರಡನ್ನು ಬೇರೆ ಮಾಡಿ ತಿಳಿಯಬೇಕಾದರೆ ಅರೇ_ಕೀ_ಎಕ್ಸಿಸ್ಟ್ಸ್ ಬೇಕು.

ಹಾಗಾಗಿ ನಲ್ ಅನ್ನು ಟೇಬಲ್‌ನಲ್ಲಿ ನಲ್ ಆಗಿಯೇ ಇರಲು ಬಿಡಿ, ಪಿಎಚ್‌ಪಿಯೊಳಗೂ ನಲ್ ಆಗಿಯೇ ಓಡಾಡಲು ಬಿಡಿ. ಮುದ್ರಿಸುವ ಕೊನೆಯ ಸಾಲಿನಲ್ಲಿ ಮಾತ್ರ ಅದನ್ನು ಮಾತಿಗೆ ಇಳಿಸಿ, ಅದೂ 0.0 ಎಂದಲ್ಲ, ‘ಅಳೆದಿಲ್ಲ’ ಎಂದು.

ಹಾಲುಲೆಕ್ಕ ಮತ್ತೆ ಬರೆದಿದ್ದಾರೆ:

ಕೀಲಿಮಣೆ ಸರ್, ತುಂಬಾ ಧನ್ಯವಾದಗಳು. ಕಡಿತದ ಪುಟದ ಊಹೆ ನೂರಕ್ಕೆ ನೂರು ಸರಿ. ಒಂದು ಸಮ ಚಿಹ್ನೆ ಸೇರಿಸಿದೊಡನೆ ಪುಟ ಮೊದಲಿನಂತಾಯಿತು. ಫಾರಂ ಸಹ ಖಾಲಿ ಪೆಟ್ಟಿಗೆಯನ್ನು ಈಗ ನಲ್ ಆಗಿ ಸ್ವೀಕರಿಸುತ್ತಿದೆ. ಈ ಬಟವಾಡೆಯ ಸೊನ್ನೆಗಳನ್ನೆಲ್ಲ ಹುಡುಕಿ ನಲ್ ಮಾಡಿ, ಸದಸ್ಯ ಸಂಖ್ಯೆ 47ರ ಸಾಲುಗಳ ಮೇಲೆ ಸರಾಸರಿ ತೆಗೆಯುವ ಎವಿಜಿ ಓಡಿಸಿದಾಗ 4.2 ಬಂದಿತು. ಸಮಾಧಾನವಾಯಿತು ಎಂದುಕೊಂಡು ಚೀಟಿ ಮುದ್ರಿಸಿದರೆ ಅದರಲ್ಲಿ ಮತ್ತೆ 3.36. ಒಂದೇ ಟೇಬಲ್, ಅವೇ ಸಾಲುಗಳು. ಚೀಟಿಯ ಕ್ವೆರಿಯಲ್ಲಿ ಲೀಟರ್ ಲೆಕ್ಕಕ್ಕೆ ತಕ್ಕಂತೆ ಸರಾಸರಿ ತೆಗೆಯುತ್ತೇನೆ, ಹತ್ತು ಲೀಟರ್ ಹಾಕಿದ ಹೊತ್ತಿಗೂ ಎರಡು ಲೀಟರ್ ಹಾಕಿದ ಹೊತ್ತಿಗೂ ಒಂದೇ ತೂಕ ಇರಬಾರದಲ್ಲ:

ಸಮ್(ಲೀಟರ್ * ಫ್ಯಾಟ್) / ಸಮ್(ಲೀಟರ್)

ಟೇಬಲ್‌ನಲ್ಲಿ ಸೊನ್ನೆ ಒಂದೂ ಉಳಿದಿಲ್ಲ ಎಂದು ಎರಡು ಬಾರಿ ನೋಡಿದ್ದೇನೆ. ಈ ಸೊನ್ನೆ ಎಲ್ಲಿಂದ ಬರುತ್ತಿದೆ?

ಕೋಷ್ಟಕ ಉತ್ತರಿಸಿದ್ದಾರೆ:

ಸೊನ್ನೆ ಎಲ್ಲಿಂದಲೂ ಬರುತ್ತಿಲ್ಲ, ಭಾಗಿಸುವ ಸಂಖ್ಯೆ ದೊಡ್ಡದಾಗಿದೆ. ಡೇಟಾಬೇಸ್‌ನ ಭಾಷೆಯಾದ ಎಸ್‌ಕ್ಯುಎಲ್‌ನಲ್ಲಿ ನಲ್ ಸೋಂಕಿನಂತೆ: ಲೀಟರ್ 5 ಇದ್ದು ಫ್ಯಾಟ್ ನಲ್ ಆಗಿದ್ದರೆ ಎರಡರ ಗುಣಲಬ್ಧವೂ ನಲ್. ಸಮ್ ಎಂಬುದು ನಲ್ ಸಾಲುಗಳನ್ನು ಬಿಟ್ಟು ಕೂಡುವುದರಿಂದ ಮೇಲಿನ ಮೊತ್ತದಲ್ಲಿ 16 ಹೊತ್ತುಗಳು ಮಾತ್ರ ಇವೆ, ಅಂದರೆ 80 ಲೀಟರ್ ಗುಣಿಸು 4.2, ಒಟ್ಟು 336. ಕೆಳಗಿನ ಮೊತ್ತದಲ್ಲಿ ಲೀಟರ್ ಎಲ್ಲಿಯೂ ನಲ್ ಅಲ್ಲವಾದ್ದರಿಂದ ಇಪ್ಪತ್ತೂ ಹೊತ್ತುಗಳ 100 ಲೀಟರ್ ಕುಳಿತಿದೆ. 336 ಅನ್ನು 100ರಿಂದ ಭಾಗಿಸಿದರೆ 3.36. ಅಳೆಯದ ನಾಲ್ಕು ಹೊತ್ತುಗಳು ಮೇಲಿನ ಮನೆಯಲ್ಲಿ ಗೈರು, ಕೆಳಗಿನ ಮನೆಯಲ್ಲಿ ಹಾಜರು. ಕೆಳಗೂ ಗೈರು ಮಾಡಿಸಿ:

ಸಮ್(ಲೀಟರ್ * ಫ್ಯಾಟ್) / ಸಮ್(ಕೇಸ್ ವೆನ್ ಫ್ಯಾಟ್ ಈಸ್ ನಾಟ್ ನಲ್ ದೆನ್ ಲೀಟರ್ ಎಂಡ್)

ಇಡೀ ಕ್ವೆರಿಗೆ ಫ್ಯಾಟ್ ನಲ್ ಅಲ್ಲದ ಸಾಲುಗಳು ಮಾತ್ರ ಎಂಬ ಷರತ್ತು ಹಾಕಬಹುದಲ್ಲ ಎಂದು ಅನಿಸಬಹುದು. ಹಾಗೆ ಮಾಡಿದರೆ ಸರಾಸರಿ ಸರಿಯಾಗುತ್ತದೆ, ಆದರೆ ಅದೇ ಕ್ವೆರಿಯಲ್ಲಿ ಹಣ ಕೊಡಲು ಬೇಕಾದ ಒಟ್ಟು ಲೀಟರ್ 80 ಆಗಿಬಿಡುತ್ತದೆ. ಆಗ ಆ ಸದಸ್ಯೆ ಇನ್ನೊಂದು ಚೀಟಿ ಹಿಡಿದು ಬರುತ್ತಾರೆ.

ಇಲ್ಲಿ ಗಮನಿಸಬೇಕಾದ ವ್ಯತ್ಯಾಸವೊಂದಿದೆ, ನನ್ನ ಮಟ್ಟಿಗೆ ನಿಮ್ಮ ಮೂಲ ಪ್ರಶ್ನೆಗೆ ಅದೇ ಉತ್ತರ. ಎಸ್‌ಕ್ಯುಎಲ್‌ನ ನಲ್ ಮತ್ತು ಪಿಎಚ್‌ಪಿಯ ನಲ್‌ಗೆ ಹೆಸರು ಒಂದೇ, ಗುಣ ಬೇರೆ. ಅಲ್ಲಿ ನಲ್ ಅನ್ನು 5ರಿಂದ ಗುಣಿಸಿದರೆ ನಲ್. ಪಿಎಚ್‌ಪಿಯಲ್ಲಿ ಗುಣಿಸಿದರೆ ಸದ್ದಿಲ್ಲದೆ 0. ನಂಬರ್_ಫಾರ್ಮ್ಯಾಟ್‌ನಂಥ ಫಂಕ್ಷನ್‌ಗಳಿಗೆ ನಲ್ ಕೊಟ್ಟರೆ 8.1ರಿಂದ ಎಚ್ಚರಿಕೆಯಾದರೂ ಬರುತ್ತದೆ, ಬರಿಯ ಗುಣಾಕಾರಕ್ಕೆ ಅದೂ ಇಲ್ಲ. ಆದ್ದರಿಂದ ಸರಾಸರಿ, ಮೊತ್ತ ಮುಂತಾದವನ್ನು ಕ್ವೆರಿಯಲ್ಲೇ ಮುಗಿಸಿ. ಪಿಎಚ್‌ಪಿಯಲ್ಲಿ ಲೂಪ್ ಹಾಕಿ ಕೂಡಬೇಡಿ. ಹತ್ತೂ ದಿನ ಯಂತ್ರ ಕೆಟ್ಟಿದ್ದ ಸದಸ್ಯರಿಗೆ ಮೇಲಿನ ಕ್ವೆರಿಯ ಉತ್ತರವೇ ನಲ್ ಆಗುತ್ತದೆ. ಅದನ್ನು ಫ್ಲೋಟ್‌ಗೆ (ದಶಮಾಂಶ ಸಂಖ್ಯೆಗೆ) ಕ್ಯಾಸ್ಟ್ ಮಾಡಿದರೆ ಮತ್ತೆ 0.0, ಹಾಗಾಗಿ ದರ ಹುಡುಕುವ ಮೊದಲು === ನಲ್ ಎಂದು ನೋಡಿ ಅಂಥವರ ಚೀಟಿಯನ್ನು ಕಾರ್ಯದರ್ಶಿಯವರ ತೀರ್ಮಾನಕ್ಕೆ ಪಕ್ಕಕ್ಕಿಡಿ. ದರದ ಫಂಕ್ಷನ್‌ಗೆ ಪ್ರಶ್ನಾರ್ಥಕ ಚಿಹ್ನೆಯಿಲ್ಲದ, ಅಂದರೆ ನಲ್ ಒಪ್ಪದ, ಫ್ಲೋಟ್ ಟೈಪ್ ಬರೆದಿಟ್ಟರೆ, ಎಲ್ಲೋ ಪರೀಕ್ಷೆ ಮರೆತು ನಲ್ ಹೋದಾಗ ಪಿಎಚ್‌ಪಿಯೇ ದೋಷವೆಸೆದು ನಿಲ್ಲಿಸುತ್ತದೆ. ನಾವೇ ಬರೆದ ಫಂಕ್ಷನ್‌ಗಳ ವಿಷಯದಲ್ಲಿ ಅದು ಎಚ್ಚರಿಕೆಗೆ ಬಿಡುವುದಿಲ್ಲ.

ಅಳೆಯದ ಸಾಲುಗಳನ್ನು ಹುಡುಕುವಾಗ ಫ್ಯಾಟ್ = ನಲ್ ಎಂದು ಬರೆದರೆ ಒಂದು ಸಾಲೂ ಸಿಗುವುದಿಲ್ಲ. ತಿಳಿಯದ್ದು ತಿಳಿಯದ್ದಕ್ಕೆ ಸಮವೇ ಎಂಬ ಪ್ರಶ್ನೆಗೆ ಉತ್ತರವೂ ತಿಳಿಯದು ಎಂದೇ ಆಗುವುದರಿಂದ, ಷರತ್ತು ನಿಜವಾದ ಸಾಲುಗಳನ್ನಷ್ಟೇ ಕೊಡುವ ಡೇಟಾಬೇಸ್ ಏನನ್ನೂ ಕೊಡುವುದಿಲ್ಲ. ಕ್ವೆರಿಯಲ್ಲಿ ಮೌಲ್ಯದ ಜಾಗಕ್ಕೆ ಪ್ರಶ್ನಾರ್ಥಕ ಚಿಹ್ನೆ ಇಟ್ಟು ಪಿಡಿಒ ಮೂಲಕ ನಲ್ ಕಳುಹಿಸಿದರೂ ಇದೇ ಗತಿ. ಈಸ್ ನಲ್ ಬಳಸಿ, ಅಥವಾ ಮೈಎಸ್‌ಕ್ಯುಎಲ್‌ನ <=> ಬಳಸಿ. (ಪಿಎಚ್‌ಪಿಯಲ್ಲಿಯೂ <=> ಇದೆ, ಅರ್ಥ ಬೇರೆ; ಈ ಹೋಲಿಕೆಗೆ ಯಾರು ಹೊಣೆಯೋ!) ಹಾಗೆಯೇ ಫ್ಯಾಟ್ <> 0 ಎಂಬ ಷರತ್ತು ನಲ್ ಸಾಲುಗಳನ್ನೂ ಹೊರಗೆ ಹಾಕುತ್ತದೆ. ಇವುಗಳಲ್ಲಿ ಇಲ್ಲದವು ಯಾವುವು ಎಂದು ಕೇಳುವ ನಾಟ್ ಇನ್ ಪಟ್ಟಿಯೊಳಗೆ ಒಂದೇ ಒಂದು ನಲ್ ಸೇರಿದರೆ ಇಡೀ ಉತ್ತರ ಖಾಲಿಯಾಗುತ್ತದೆ.

ಇನ್ನೊಂದು. ಹಾಲು ಹಾಕದವರ ಪಟ್ಟಿ ತೆಗೆಯಲು ಸದಸ್ಯರ ಟೇಬಲ್‌ಗೆ ಹಾಲಿನ ಟೇಬಲ್ಲನ್ನು ಲೆಫ್ಟ್ ಜಾಯಿನ್ (ಹಾಲಿನ ಸಾಲು ಇಲ್ಲದ ಸದಸ್ಯರನ್ನೂ ಉಳಿಸಿಕೊಳ್ಳುವ ಜೋಡಣೆ) ಮಾಡಿದ್ದೀರಾ? ಆ ಹೊತ್ತು ಹಾಲನ್ನೇ ತರದವರ ಮುಂದೆಯೂ ಫ್ಯಾಟ್ ನಲ್ ಎಂದೇ ಕಾಣಿಸುತ್ತದೆ. ಅಲ್ಲಿ ಸಾಲೇ ಇಲ್ಲ. ಇಲ್ಲಿ ಸಾಲು ಇದೆ, ಅಳತೆ ಇಲ್ಲ. ರಿಲೇಷನಲ್ ಮಾದರಿಯನ್ನು ಕೊಟ್ಟ ಎಡ್ಗರ್ ಕಾಡ್ ಅವರೇ 1990ರಲ್ಲಿ, ಇರಬೇಕಾಗಿದ್ದೂ ಸಿಕ್ಕಿಲ್ಲದ ಮೌಲ್ಯಕ್ಕೆ ಒಂದು ಗುರುತು, ಅನ್ವಯಿಸುವುದೇ ಇಲ್ಲದ ಮೌಲ್ಯಕ್ಕೆ ಇನ್ನೊಂದು ಗುರುತು ಬೇಕೆಂದು ಪ್ರತಿಪಾದಿಸಿದ್ದರು. ಎಸ್‌ಕ್ಯುಎಲ್ ಒಂದರಲ್ಲೇ ನಿಂತಿತು. ನೀವು ಲೀಟರ್ ಕಾಲಂ ನೋಡಿ ಬೇರೆ ಮಾಡಿಕೊಳ್ಳಬೇಕು: ಲೀಟರ್ ಕೂಡ ನಲ್ ಆದರೆ ಹಾಲು ಬಂದಿಲ್ಲ.

ತುಂಬೆಹೂ ಮತ್ತೆ ಬರೆದಿದ್ದಾರೆ:

ಫ್ಯಾಟ್ ವಿಷಯದಲ್ಲಿ ನನ್ನ ಸಲಹೆ ತಪ್ಪಾಗಿತ್ತು, ಒಪ್ಪುತ್ತೇನೆ. ಆದರೆ ಎಲ್ಲ ಕಾಲಂಗಳಲ್ಲೂ ನಲ್ ಬಿಡಬೇಕೆಂಬುದನ್ನು ಒಪ್ಪಲಾರೆ. ಪಶು ಆಹಾರ ತೆಗೆದುಕೊಳ್ಳದ ಸದಸ್ಯರ ಕಡಿತ ತಿಳಿಯದ ಸಂಗತಿಯಲ್ಲ, ಅದು ನಿಜವಾಗಿಯೂ 0. ಅಂಥ ಕಾಲಂ ಅನ್ನು ನಾಟ್ ನಲ್ ಮಾಡಿ ಡಿಫಾಲ್ಟ್ 0 ಕೊಟ್ಟರೆ ನಲ್ ಪರೀಕ್ಷೆಯ ಅಗತ್ಯವೇ ಇರುವುದಿಲ್ಲವಲ್ಲ? ಜೊತೆಗೆ ನನ್ನದೂ ಒಂದು ಪ್ರಶ್ನೆ: ಒಂದೇ ಮೌಲ್ಯ ಬೇಕಾದಾಗ ಫೆಚ್‌ಕಾಲಂ ಬಳಸುತ್ತೇನೆ, ಅಲ್ಲಿ ಕೆಲವೊಮ್ಮೆ ನಲ್ ಬದಲು ಫಾಲ್ಸ್ ಬರುತ್ತದೆ. ಏಕೆ?

ಕೀಲಿಮಣೆ ಉತ್ತರಿಸಿದ್ದಾರೆ:

ಕಡಿತದ ಕಾಲಂ ಬಗ್ಗೆ ನಿಮ್ಮ ಮಾತು ಸರಿ, ನಾನೂ ಹಾಗೆಯೇ ಮಾಡುತ್ತಿದ್ದೆ. ಫೆಚ್‌ಕಾಲಂ ಫಾಲ್ಸ್ ಕೊಟ್ಟರೆ ಸಾಲೇ ಸಿಕ್ಕಿಲ್ಲ ಎಂದರ್ಥ; ಸಾಲು ಸಿಕ್ಕು ಮೌಲ್ಯ ಇಲ್ಲದಿದ್ದರೆ ನಲ್ ಬರುತ್ತದೆ. ?? ಆಪರೇಟರ್ ಫಾಲ್ಸ್ ಅನ್ನು ಹಿಡಿಯುವುದಿಲ್ಲ, ಆದ್ದರಿಂದ ಎರಡನ್ನೂ === ಬಳಸಿ ಪ್ರತ್ಯೇಕವಾಗಿ ನೋಡಿ. ಪಿಡಿಒ ಬದಲು ಮೈಎಸ್‌ಕ್ಯುಎಲ್‌ಐ ಬಳಸುವವರಿಗೆ ಇನ್ನೊಂದು ಸೂಚನೆ: ಅಲ್ಲಿ ಫೆಚ್_ಅಸೋಕ್ ಸಾಲುಗಳು ಮುಗಿದಾಗ ನಲ್ ಕೊಡುತ್ತದೆ, ಪಿಡಿಒದ ಫೆಚ್ ಫಾಲ್ಸ್ ಕೊಡುತ್ತದೆ.

ಹಾಲುಲೆಕ್ಕ ಮತ್ತೆ ಬರೆದಿದ್ದಾರೆ:

ಕೋಷ್ಟಕ ಸರ್ ಹೇಳಿದಂತೆ ಬದಲಾಯಿಸಿದ ಮೇಲೆ ಚೀಟಿಯಲ್ಲಿ 4.2 ಬಂದಿತು, ವ್ಯತ್ಯಾಸದ ಹಣವನ್ನು ಮುಂದಿನ ಬಟವಾಡೆಯಲ್ಲಿ ಸೇರಿಸುವುದಾಗಿ ಕಾರ್ಯದರ್ಶಿಯವರು ಒಪ್ಪಿದ್ದಾರೆ. ಲೆಫ್ಟ್ ಜಾಯಿನ್ ವರದಿಯೂ ಇತ್ತು, ಹಾಲು ತರದವರ ಮುಂದೆ 0.0 ತೋರಿಸುತ್ತಲೇ ಇತ್ತು, ಯಾರೂ ಕೇಳಿರಲಿಲ್ಲ ಅಷ್ಟೆ. ಈಗ ಒಂದೆಡೆ ‘ಅಳೆದಿಲ್ಲ’, ಇನ್ನೊಂದೆಡೆ ‘ಹಾಲು ಬಂದಿಲ್ಲ’ ಎಂದು ಬರುತ್ತದೆ.

ಉಳಿದಿರುವುದು ಹಳೆಯ ಏಳು ವರ್ಷಗಳ ಸಾಲುಗಳು. ಫ್ಯಾಟ್ ಕಾಲಂ ಸುಲಭವಾಯಿತು: ಯಾವ ಹಸುವಿನ ಹಾಲೂ ಸೊನ್ನೆ ಫ್ಯಾಟ್ ಇರುವುದಿಲ್ಲವಾದ್ದರಿಂದ ಅಲ್ಲಿನ ಸೊನ್ನೆಗಳೆಲ್ಲ ಸುಳ್ಳು ಎಂದು ನಿಶ್ಚಯವಾಗಿ ಹೇಳಬಹುದು, ಒಂದೇ ಅಪ್‌ಡೇಟ್ ಕ್ವೆರಿಯಲ್ಲಿ ಎಲ್ಲವನ್ನೂ ನಲ್ ಮಾಡಿದೆ. ಕಡಿತದ ಕಾಲಂ ಹಾಗಲ್ಲ. ಅಲ್ಲಿನ ಸೊನ್ನೆ ಆಹಾರ ತೆಗೆದುಕೊಂಡಿಲ್ಲ ಎಂಬುದೋ, ಆ ದಿನ ಬರೆಯಲು ಮರೆತದ್ದೋ ಎಂದು ಟೇಬಲ್ ನೋಡಿ ಹೇಳಲು ಸಾಧ್ಯವಿಲ್ಲ. ಸಂಘದ ಕಪಾಟಿನಲ್ಲಿ ಪಶು ಆಹಾರದ ವಿತರಣಾ ಪುಸ್ತಕಗಳಿವೆ. ನಾಳೆಯಿಂದ ಪರೀಕ್ಷಕರೂ ನಾನೂ ಸಂಜೆಯ ಹಾಲು ಮುಗಿದ ಮೇಲೆ ಒಂದೊಂದು ತಿಂಗಳಿನದನ್ನು ತೆಗೆದು ತಾಳೆ ನೋಡುವುದೆಂದು ಮಾತಾಗಿದೆ. ಅದು ಮುಗಿದ ಮೇಲೆಯೇ ಆ ಕಾಲಂಗೆ ನಾಟ್ ನಲ್ ಹಾಕುತ್ತೇನೆ.